ಲಂಗ್ಸಲ್ಲಿರೋ ಗಂಟು ಕ್ಯಾನ್ಸರ್ ಅಲ್ಲ ಅಂದ್ರು, ಆದ್ರೆ ಜೀನ್ ರಿಪೋರ್ಟಲ್ಲಿ ಮ್ಯುಟೇಶನ್ ಇದೆ, ಏನಿದು?

ಬೇವಿನೆಲೆ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೇಜಾರಾಗ್ಬೇಡಿ. ನಮ್ಮ ಚಿಕ್ಕಮ್ಮಂಗೆ ಈಗ 46. ಮೂವತ್ತೈದರ ಆಸುಪಾಸಲ್ಲಿ ಫೈಬ್ರಾಯ್ಡ್ ಜಾಸ್ತಿ ಆಗಿ ಬ್ಲೀಡಿಂಗ್ ನಿಲ್ತಾನೇ ಇರ್ಲಿಲ್ಲ ಅಂತ ಗರ್ಭಕೋಶ ತೆಗೆಸಿದ್ರು, ಅಂಡಾಶಯ ಎರಡೂ ಹಾಗೇ ಬಿಟ್ಟಿದ್ರು. ಆಮೇಲೆ ಆರಾಮಾಗೇ ಇದ್ರು. ಈಗ ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಮುಂಚೆ ಎದೆ ಎಕ್ಸ್‌ರೇ ತೆಗೆದ್ರೆ ಎರಡೂ ಕಡೆ ಗುಂಡುಗುಂಡಗೆ ಏನೋ ಕಾಣ್ತು, ಸಿಟಿ ಮಾಡಿಸಿದ್ರೆ ಚಿಕ್ಕದು ದೊಡ್ಡದು ಸೇರಿ ಹತ್ತಕ್ಕಿಂತ ಜಾಸ್ತಿ ಗಂಟು, ದೊಡ್ಡದು ಎರಡು ಸೆಂಟಿಮೀಟರ್. ಕೆಮ್ಮಿಲ್ಲ, ಉಬ್ಬಸ ಇಲ್ಲ, ತೂಕ ಇಳಿದಿಲ್ಲ, ಆದ್ರೂ ಮನೇಲಿ ಎಲ್ರೂ ಕ್ಯಾನ್ಸರ್ರೇ ಅಂತ ತೀರ್ಮಾನ ಮಾಡ್ಕೊಂಡು ಅಳೋಕೆ ಶುರು ಮಾಡಿದ್ರು.

ಬಯಾಪ್ಸಿ ಬಂತು. ಬಿನೈನ್ ಮೆಟಾಸ್ಟಸೈಸಿಂಗ್ ಲಿಯೋಮಯೋಮಾ ಅಂತ ಬರ್ದಿದಾರೆ. ಈಸ್ಟ್ರೋಜನ್ ರಿಸೆಪ್ಟರ್ ಪಾಸಿಟಿವ್, ಪ್ರೊಜೆಸ್ಟರಾನ್ ರಿಸೆಪ್ಟರ್ ಪಾಸಿಟಿವ್, ಡೆಸ್ಮಿನ್ ಪಾಸಿಟಿವ್, ಎಚ್‌ಎಂಬಿ-45 ನೆಗೆಟಿವ್, ಕೆಐ-67 ಶೇ. 1ಕ್ಕಿಂತ ಕಮ್ಮಿ. ಅದರ ಜೊತೆ ಗಂಟಿನ ಜೀನ್ ಟೆಸ್ಟೂ ಮಾಡಿದ್ರು. ಅದ್ರಲ್ಲಿ ಮೆಡ್12 ಎಕ್ಸಾನ್ 2 ಮ್ಯುಟೇಶನ್ (ಜಿ44ಡಿ), ಮತ್ತೆ 22ಕ್ಯೂ ಲಾಸ್. ಟಿಪಿ53, ಆರ್‌ಬಿ1 ಎರಡ್ರಲ್ಲೂ ಏನೂ ಬದಲಾವಣೆ ಇಲ್ಲ.

ಡಾಕ್ಟ್ರು ಗಾಬರಿ ಪಡೋದೇನಿಲ್ಲ, ಆರು ತಿಂಗಳು ಬಿಟ್ಟು ಇನ್ನೊಂದು ಸಿಟಿ ಮಾಡೋಣ ಅಂದ್ರು, ಹೊರಗೆ ಇನ್ನೂ ಜನ ಕಾಯ್ತಿದ್ರು, ನಾವೂ ತಲೆ ಆಡಿಸ್ಕೊಂಡು ಬಂದ್ವಿ. ಮನೆಗೆ ಬಂದ್ಮೇಲೆ ಪ್ರಶ್ನೆಗಳು ಶುರುವಾದ್ವು. ಕ್ಯಾನ್ಸರ್ ಅಲ್ಲದೇ ಇರೋದು ಗರ್ಭಕೋಶದಿಂದ ಲಂಗ್ಸಿಗೆ ಹೋಗೋದು ಹೇಗೆ, ನಿಜವಾಗ್ಲೂ ಅಲ್ಲಿಂದಾನೇ ಬಂದಿದ್ದು ಅಂತ ಯಾರು ನೋಡಿದಾರೆ? ಮ್ಯುಟೇಶನ್ ಅಂದ್ರೆ ವಂಶದಲ್ಲಿ ಬರೋದಾ? ಚಿಕ್ಕಮ್ಮನ ಮಗಳಿಗೆ 22, ಅವಳು ಈಗ್ಲೇ ಟೆಸ್ಟ್ ಮಾಡಿಸ್ಕೊಳ್ತೀನಿ ಅಂತ ಕೂತಿದಾಳೆ. ಈ ಜೀನ್ ನೋಡಿ ಮುಂದೆ ಏನಾಗತ್ತೆ ಅಂತ ಹೇಳೋಕಾಗತ್ತಾ? ತಿಳಿದೋರು ದಯವಿಟ್ಟು ಹೇಳಿ.

ಸ್ಲೈಡು_ಗಾಜು

ಪ್ಯಾಥಾಲಜಿಯವನು ನಾನು. ನಿಮ್ಮ ಚಿಕ್ಕಮ್ಮನ ಸ್ಲೈಡ್ ನಾನು ನೋಡಿಲ್ಲ, ಹಾಗಾಗಿ ನೀವು ಬರೆದಿರೋದನ್ನ ನಂಬಿ ಹೇಳ್ತಿದೀನಿ, ಕೊನೇ ಮಾತು ನಿಮ್ಮ ಡಾಕ್ಟ್ರದ್ದೇ.

ಈ ಕಾಯಿಲೆ, ಅಂದ್ರೆ ಕ್ಯಾನ್ಸರ್ ಅಲ್ಲದ ಫೈಬ್ರಾಯ್ಡ್ ಬೇರೆ ಅಂಗದಲ್ಲಿ ಕಾಣಿಸ್ಕೊಳ್ಳೋದು, ಹೊಸದೇನಲ್ಲ, 1939ರಲ್ಲೇ ಸ್ಟೈನರ್ ಅನ್ನೋರು ಇಂಥ ಕೇಸ್ ವರದಿ ಮಾಡಿದ್ರು. ಕತೆ ಹೆಚ್ಚುಕಮ್ಮಿ ಎಲ್ಲಾ ಕಡೆ ಒಂದೇ. ಫೈಬ್ರಾಯ್ಡ್ ಇದ್ದ ಹೆಂಗಸು, ಗಡ್ಡೆ ಅಥವಾ ಗರ್ಭಕೋಶ ತೆಗೆಸಿರ್ತಾರೆ, ಹತ್ತು ಹದಿನೈದು ವರ್ಷ ಆದ್ಮೇಲೆ ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆದಾಗ ಎರಡೂ ಲಂಗ್ಸಲ್ಲಿ ನಯವಾದ ಅಂಚಿನ ಗುಂಡು ಗಂಟುಗಳು. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಗರ್ಭಕೋಶದ ಫೈಬ್ರಾಯ್ಡ್ ಥರಾನೇ ಇರತ್ತೆ, ಸ್ಮೂತ್ ಮಸಲ್ (ಒಳಗಿನ ಅಂಗಗಳ ಗೋಡೇಲಿರೋ ಸ್ನಾಯು) ಜೀವಕೋಶಗಳು ಕಟ್ಟುಕಟ್ಟಾಗಿ, ವಿಭಜನೆ ಆಗ್ತಿರೋದು ಹುಡುಕಿದ್ರೂ ಸಿಗೋದು ಕಷ್ಟ, ಸತ್ತ ಭಾಗ ಇಲ್ಲ, ಜೀವಕೋಶದ ಆಕಾರ ಕೆಟ್ಟಿರಲ್ಲ. ಕೆಐ-67 ಶೇ. 1ಕ್ಕಿಂತ ಕಮ್ಮಿ ಅಂದ್ರೆ ಬೆಳೆಯೋ ಅವಸರಾನೇ ಇಲ್ಲ ಅಂತ. ಹಾರ್ಮೋನ್ ರಿಸೆಪ್ಟರ್ ಎರಡೂ ಪಾಸಿಟಿವ್ ಇರೋದು ಗರ್ಭಕೋಶದ ಕಡೆ ಬೆರಳು ತೋರಿಸತ್ತೆ, ಯಾಕಂದ್ರೆ ಲಂಗ್ಸಲ್ಲೇ ಹುಟ್ಟೋ ಸ್ಮೂತ್ ಮಸಲ್ ಗಡ್ಡೆ ಅಂತಾನೂ ಇದೆ, ಶ್ವಾಸನಾಳದ ಗೋಡೆಯಿಂದಾನೋ ರಕ್ತನಾಳದ ಗೋಡೆಯಿಂದಾನೋ ಬರೋದು, ಅದು ಸಾಮಾನ್ಯವಾಗಿ ಒಂದೇ ಒಂದು ಇರತ್ತೆ, ಗಂಡಸರಿಗೂ ಬರತ್ತೆ.

ಮೆಡ್12 ವಿಷ್ಯಕ್ಕೆ ಬಂದ್ರೆ, 2011ರಲ್ಲಿ ಹೆಲ್ಸಿಂಕಿ ಯೂನಿವರ್ಸಿಟಿಯವರು 225 ಫೈಬ್ರಾಯ್ಡ್ ತಗೊಂಡು ನೋಡಿದ್ರು, 159ರಲ್ಲಿ, ಅಂದ್ರೆ ಶೇ. 70ರಷ್ಟು ಗಡ್ಡೆಗಳಲ್ಲಿ ಮೆಡ್12 ಬದಲಾಗಿತ್ತು. ಅದೂ ಜೀನ್ ಉದ್ದಕ್ಕೂ ಎಲ್ಲೆಲ್ಲೋ ಅಲ್ಲ, ಎಕ್ಸಾನ್ 2 ಅನ್ನೋ ಜೀನ್ ತುಂಡಿನ ಆಸುಪಾಸಲ್ಲೇ, ಅದ್ರಲ್ಲೂ 44ನೇ ಜಾಗದ ಗ್ಲೈಸಿನ್ ಅನ್ನೋ ಅಮೈನೋ ಆಮ್ಲದ ಮೇಲೇ ಜಾಸ್ತಿ ಏಟು. ನಿಮ್ಮ ರಿಪೋರ್ಟಲ್ಲಿರೋ ಜಿ44ಡಿ ಅದೇ, ಗ್ಲೈಸಿನ್ ಹೋಗಿ ಆಸ್ಪಾರ್ಟಿಕ್ ಆಮ್ಲ ಬಂದಿದೆ ಅಂತ. ಸಿಕ್ಕಾಪಟ್ಟೆ ಸಾಮಾನ್ಯ. ಐವತ್ತು ವಯಸ್ಸಾಗೋಷ್ಟರಲ್ಲಿ ಹೆಂಗಸರಲ್ಲಿ ಹತ್ತರಲ್ಲಿ ಏಳು ಜನಕ್ಕಾದ್ರೂ ಫೈಬ್ರಾಯ್ಡ್ ಇರತ್ತೆ, ಹೆಚ್ಚಿನೋರಿಗೆ ಗೊತ್ತೇ ಇರಲ್ಲ. ಅಂದ್ರೆ ಈ ಮ್ಯುಟೇಶನ್ ಹೊತ್ಕೊಂಡ ಗಡ್ಡೆ ಇಟ್ಕೊಂಡು ಆರಾಮಾಗಿ ಓಡಾಡ್ತಿರೋರು ಕೋಟಿಗಟ್ಟಲೆ ಇದಾರೆ.

ಇನ್ನು ಮಗಳ ಪ್ರಶ್ನೆ. ಈ ಮೆಡ್12 ಬದಲಾವಣೆ ಹುಟ್ಟುವಾಗ ಬಂದಿದ್ದಲ್ಲ, ಗರ್ಭಕೋಶದ ಯಾವುದೋ ಒಂದು ಸ್ನಾಯು ಜೀವಕೋಶದಲ್ಲಿ ಆಮೇಲೆ ಆಗಿದ್ದು. ರಕ್ತದಲ್ಲಿ ಇರಲ್ಲ, ಅಂಡಾಣುವಲ್ಲೂ ಇರಲ್ಲ, ಮಗಳಿಗೆ ಹೋಗೋಕೆ ದಾರಿನೇ ಇಲ್ಲ. ಅವಳು ಮೆಡ್12ಗೆ ಟೆಸ್ಟ್ ಮಾಡಿಸೋದ್ರಲ್ಲಿ ಅರ್ಥ ಇಲ್ಲ.

ನೇರಮಾತು

ಡಾಕ್ಟ್ರೇ ಒಂದು ಮಾತು ಕೇಳ್ಬೋದಾ, ಬೇಜಾರು ಮಾಡ್ಕೋಬೇಡಿ. ಒಂದು ಅಂಗದಿಂದ ಇನ್ನೊಂದು ಅಂಗಕ್ಕೆ ಹೋಗಿ ಅಲ್ಲಿ ಬೆಳೆಯೋದಕ್ಕೇ ತಾನೇ ಕ್ಯಾನ್ಸರ್ ಅನ್ನೋದು. ಹತ್ತು ವರ್ಷದ ಹಿಂದೆ ಗರ್ಭಕೋಶ ತೆಗೆದಾಗ ಅದ್ರಲ್ಲಿ ಎಷ್ಟು ಕಡೆ ಕತ್ತರಿಸಿ ನೋಡಿರ್ತಾರೆ, ಎರಡೋ ಮೂರೋ ತುಂಡು. ಉಳಿದ ಗಡ್ಡೆ ಒಳಗೆ ಸಣ್ಣ ಸಾರ್ಕೋಮಾ, ಅಂದ್ರೆ ಸ್ನಾಯುವಲ್ಲಿ ಹುಟ್ಟೋ ಕ್ಯಾನ್ಸರ್ ಇತ್ತು, ಕಣ್ತಪ್ಪಿ ಹೋಯ್ತು, ಈಗ ನಿಧಾನವಾಗಿ ಲಂಗ್ಸಲ್ಲಿ ತಲೆ ಎತ್ತಿದೆ ಅಂತ ಯಾಕಾಗಬಾರದು? ಸುಮ್ನೆ ಆರು ತಿಂಗಳು ಕಾಯಿ ಅನ್ನೋದು ನಂಗೆ ಸರಿ ಅನ್ಸಲ್ಲ. ನನ್ನ ಸ್ನೇಹಿತನ ಅತ್ತೆಗೆ ಇದೇ ಥರ ಬಿನೈನ್ ಅಂದಿದ್ದು ಆಮೇಲೆ ಸಾರ್ಕೋಮಾ ಅಂತ ಬಂತು.

ಎರಡನೇ_ಎಕ್ಸ್

@ನೇರಮಾತು ನೀವು ಕೇಳಿರೋದು ಸರಿಯಾದ ಪ್ರಶ್ನೆನೇ, ಪ್ಯಾಥಾಲಜಿಸ್ಟ್‌ಗಳೂ ಇದನ್ನೇ ಇಟ್ಕೊಂಡು ವರ್ಷಗಟ್ಟಲೆ ಜಗಳ ಆಡಿದಾರೆ. ಒಂದು ಗುಂಪು ಅಂತು, ಇದು ಸದ್ದಿಲ್ಲದ ಸಾರ್ಕೋಮಾ. ಇನ್ನೊಂದು ಗುಂಪು, ಇಲ್ಲ, ಹಾರ್ಮೋನ್ ಪ್ರಭಾವಕ್ಕೆ ಲಂಗ್ಸಲ್ಲೂ ಗರ್ಭಕೋಶದಲ್ಲೂ ಬೇರೆಬೇರೆಯಾಗೇ ಗಂಟು ಹುಟ್ಟುತ್ತೆ, ಒಂದಕ್ಕೊಂದು ಸಂಬಂಧ ಇಲ್ಲ. ಮೂರನೇ ಗುಂಪು, ಫೈಬ್ರಾಯ್ಡ್ ತುಣುಕು ರಕ್ತನಾಳ ಹಿಡ್ಕೊಂಡು ಹೋಗಿ ಲಂಗ್ಸಿನ ಸಣ್ಣ ನಾಳಗಳಲ್ಲಿ ಸಿಕ್ಕಾಕ್ಕೊಂಡು ಅಲ್ಲೇ ಬೆಳೀತು. ಮೈಕ್ರೋಸ್ಕೋಪ್ ಒಂದರಿಂದಾನೇ ಇದು ಬಗೆಹರಿಯೋ ಹಾಗಿರ್ಲಿಲ್ಲ, ಜೀನ್ ನೋಡೋಕೆ ಶುರು ಮಾಡಿದ್ಮೇಲೇ ಉತ್ತರ ಸಿಕ್ಕಿದ್ದು. ನಾನು ಜೆನೆಟಿಕ್ಸ್ ಲ್ಯಾಬಲ್ಲಿ ಕೆಲಸ ಮಾಡೋದು, ಈ ಭಾಗ ನಂಗೆ ಬಹಳ ಇಷ್ಟ, ಸ್ವಲ್ಪ ಬಿಡಿಸಿ ಹೇಳ್ತೀನಿ.

ಹೆಂಗಸರ ಪ್ರತಿ ಜೀವಕೋಶದಲ್ಲಿ ಎರಡು ಎಕ್ಸ್ ಕ್ರೋಮೋಸೋಮ್, ಒಂದು ಅಮ್ಮಂದು ಒಂದು ಅಪ್ಪಂದು. ಭ್ರೂಣ ಇನ್ನೂ ಪುಟ್ಟದಾಗಿರುವಾಗ್ಲೇ ಪ್ರತಿ ಜೀವಕೋಶ ಎರಡ್ರಲ್ಲಿ ಒಂದನ್ನ ಮಲಗಿಸಿಬಿಡತ್ತೆ, ಯಾವ್ದು ಅನ್ನೋದು ಲಾಟರಿ, ಆದ್ರೆ ಒಂದು ಸಲ ಮಲಗಿಸಿದ್ಮೇಲೆ ಆ ಜೀವಕೋಶದ ಮಕ್ಕಳು ಮೊಮ್ಮಕ್ಕಳಲ್ಲೆಲ್ಲಾ ಅದೇ ಎಕ್ಸ್ ಮಲಗಿರತ್ತೆ. 1961ರಲ್ಲಿ ಮೇರಿ ಲಯನ್ ಇದನ್ನ ಹೇಳಿದ್ದು. ಹಾಗಾಗಿ ಒಂದು ಗಡ್ಡೆಯಲ್ಲಿ ಎಲ್ಲಾ ಜೀವಕೋಶದಲ್ಲೂ ಒಂದೇ ಎಕ್ಸ್ ಮಲಗಿದ್ರೆ ಆ ಗಡ್ಡೆ ಒಂದೇ ತಾಯಿ ಜೀವಕೋಶದಿಂದ ಬಂದಿದೆ ಅಂತ. ಲಂಗ್ಸಿನ ಗಂಟು, ಗರ್ಭಕೋಶದ ಗಡ್ಡೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ? 2006ರಲ್ಲಿ ಒಂದು ತಂಡ ಅದನ್ನೇ ಮಾಡ್ತು, ಎರಡು ಕಡೆನೂ ಮಲಗಿದ್ದ ಎಕ್ಸ್ ಒಂದೇ.

ಈಗ ನೀವು ಕೇಳ್ಬೋದು, ಇರೋದೇ ಎರಡು ಎಕ್ಸ್, ಹೋಲಿಕೆ ಸುಮ್ನೆ ಕಾಕತಾಳೀಯ ಇರ್ಬೋದಲ್ವಾ. ಹೌದು, ಒಂದೇ ಗಂಟು ನೋಡಿದ್ರೆ ಅರ್ಧಕ್ಕರ್ಧ ಚಾನ್ಸ್ ಇದೆ, ಅದನ್ನ ಸಾಕ್ಷಿ ಅಂತ ಒಪ್ಪೋಕಾಗಲ್ಲ. ಆದ್ರೆ ಲಂಗ್ಸಲ್ಲಿ ಐದು ಗಂಟು ತೆಗೆದು ಐದರಲ್ಲೂ ಗರ್ಭಕೋಶದ ಗಡ್ಡೇಲಿರೋ ಎಕ್ಸೇ ಮಲಗಿದೆ ಅಂದ್ರೆ, ಬೇರೆಬೇರೆ ಹುಟ್ಟಿ ಹೀಗೆ ಹೊಂದೋ ಸಾಧ್ಯತೆ 32ರಲ್ಲಿ 1. ಗಂಟು ಜಾಸ್ತಿ ಆದಷ್ಟೂ ಕಾಕತಾಳೀಯ ಅನ್ನೋ ವಾದ ಸೊರಗತ್ತೆ.

ಮೆಡ್12 ಇದಕ್ಕಿಂತ ಒಳ್ಳೇ ಗುರುತು, ಆದ್ರೂ ಪೂರ್ತಿ ಅಲ್ಲ, ಇಲ್ಲಿ ಜನ ಎಡವೋದು ನೋಡಿದೀನಿ. ಒಬ್ಬರದ್ದೇ ಗರ್ಭಕೋಶದಲ್ಲಿರೋ ನಾಲ್ಕು ಫೈಬ್ರಾಯ್ಡ್ ತೆಗೆದು ನೋಡಿದ್ರೆ ಸಾಮಾನ್ಯವಾಗಿ ನಾಲ್ಕೂ ಬೇರೆಬೇರೆ ಹುಟ್ಟಿರೋದು, ಒಂದೊಂದರ ಮ್ಯುಟೇಶನ್ ಒಂದೊಂದು ಥರ. ಅದೇ ಸಮಯಕ್ಕೆ ಜಿ44ಡಿ ಎಷ್ಟು ಸಾಮಾನ್ಯ ಅಂದ್ರೆ ಎರಡು ಸಂಬಂಧ ಇಲ್ಲದ ಗಡ್ಡೇಲೂ ಅದೇ ಬರಬಹುದು. ಹಾಗಾಗಿ ಬೇವಿನೆಲೆ ಅವರೇ, ನಿಮ್ಮ ಚಿಕ್ಕಮ್ಮನ ಲಂಗ್ಸ್ ಗಂಟಲ್ಲಿ ಜಿ44ಡಿ ಇದೆ ಅನ್ನೋದು ಫೈಬ್ರಾಯ್ಡ್ ಜಾತಿದು ಅಂತ ಹೇಳತ್ತೆ, ಇಂಥದ್ದೇ ಗಡ್ಡೆಯಿಂದ ಬಂತು ಅಂತ ಹೇಳಬೇಕಾದ್ರೆ ಹಳೇ ಗರ್ಭಕೋಶದ ಗಡ್ಡೇನೂ ಟೆಸ್ಟ್ ಮಾಡಿ ಅಲ್ಲೂ ಜಿ44ಡಿ ಜೊತೆಗೆ 22ಕ್ಯೂ, ಅಂದ್ರೆ 22ನೇ ಕ್ರೋಮೋಸೋಮಿನ ಉದ್ದ ತೋಳು, ಅದೇ ಜಾಗದಲ್ಲಿ ಮುರಿದು ಹೋಗಿದೆಯಾ ನೋಡ್ಬೇಕು. ಕ್ರೋಮೋಸೋಮ್ ಎಲ್ಲಿ ಮುರೀತು ಅನ್ನೋದು ಬೆರಳಚ್ಚು ಇದ್ದ ಹಾಗೆ, ಎರಡು ಕಡೆ ಕಾಕತಾಳೀಯವಾಗಿ ಅದೇ ಜಾಗದಲ್ಲಿ ಮುರಿಯೋದು ಅಪರೂಪ.

22ಕ್ಯೂ ಬಗ್ಗೆ. 2007ರಲ್ಲಿ ಬಾಸ್ಟನ್‌ನ ತಂಡ ಐದು ಕೇಸಿನ ಕ್ರೋಮೋಸೋಮ್ ನೋಡಿ ಬರೆದಿದ್ದು ಇದೆ, ಐದರಲ್ಲೂ 19ನೇ ಕ್ರೋಮೋಸೋಮಿನ ಉದ್ದ ತೋಳಿನ ತುದಿ ಮತ್ತೆ 22ರ ಉದ್ದ ತೋಳಿನ ತುದಿ ಹೋಗಿತ್ತು. ಅದೇ ಜೋಡಿ ಬದಲಾವಣೆ ಮಾಮೂಲಿ ಫೈಬ್ರಾಯ್ಡ್‌ಗಳಲ್ಲಿ ಹುಡುಕಿದ್ರೆ ಶೇ. 3ರ ಆಸುಪಾಸಲ್ಲಿ ಮಾತ್ರ ಸಿಕ್ತು. ಅವರ ಊಹೆ, ಆ ಚಿಕ್ಕ ಗುಂಪಿನ ಫೈಬ್ರಾಯ್ಡ್‌ಗಳಿಗೇ ಲಂಗ್ಸ್ ವರೆಗೆ ಹೋಗೋ ಸ್ವಭಾವ ಇರ್ಬೋದು ಅಂತ. ಆಮೇಲೆ ಬಂದ ಕೇಸ್‌ಗಳೆಲ್ಲಾ ಇದೇ ಅಚ್ಚಿಗೆ ಕೂತಿಲ್ಲ ಅನ್ನೋದನ್ನೂ ಹೇಳ್ಬೇಕು, ಕೆಲವು ಮೆಡ್12, ಕೆಲವು ಎಚ್‌ಎಂಜಿಎ1 ಅನ್ನೋ ಜೀನ್ ಬದಲಾಗಿರೋದು, ಹೀಗೆ. ಇನ್ನೊಂದು ಸ್ವಾರಸ್ಯ: ಫೈಬ್ರಾಯ್ಡ್ ಗರ್ಭಕೋಶದ ರಕ್ತನಾಳದೊಳಗೇ ಬಳ್ಳಿ ಥರ ಬೆಳ್ಕೊಂಡು ಕೆಲವೊಮ್ಮೆ ಹೃದಯದ ತನಕ ಹೋಗೋ ಇಂಟ್ರಾವೀನಸ್ ಲಿಯೋಮಯೋಮಟೋಸಿಸ್ ಅಂತ ಒಂದಿದೆ, ಅದ್ರಲ್ಲೂ 12 ಮತ್ತೆ 14ನೇ ಕ್ರೋಮೋಸೋಮ್ ಅದಲುಬದಲಾಗಿ ಎಚ್‌ಎಂಜಿಎ2 ಎದ್ದು ಕೂರೋದು, 22ಕ್ಯೂ ಹೋಗೋದು ಎರಡೂ ಕಂಡಿದೆ. ರಕ್ತನಾಳದ ದಾರಿ ಅನ್ನೋ ಮೂರನೇ ಗುಂಪಿನ ಮಾತಿಗೆ ಇದು ಒಳ್ಳೇ ಬಲ.

ಈಗ ಸಾರ್ಕೋಮಾ ಮಾತು. ಗರ್ಭಕೋಶದ ಲಿಯೋಮಯೋಸಾರ್ಕೋಮಾದ ಜೀನೋಮ್ ನೋಡಿದ್ರೆ ಯುದ್ಧಭೂಮಿ. ಜೀವಕೋಶದ ಬೆಳವಣಿಗೆಗೆ ಕಡಿವಾಣ ಹಾಕೋ ಜೀನ್‌ಗಳೇ ಹಾಳು, ಟಿಪಿ53 ಹೋಗಿರತ್ತೆ, ಆರ್‌ಬಿ1 ಹೋಗಿರತ್ತೆ, ಎಟಿಆರ್‌ಎಕ್ಸ್, ಪಿಟೆನ್, ಕ್ರೋಮೋಸೋಮ್ ಎಣಿಕೆನೇ ಅಡ್ಡಾದಿಡ್ಡಿ. ಈ ಲಂಗ್ಸ್ ಗಂಟುಗಳಲ್ಲಿ ಅದ್ಯಾವುದೂ ಇರಲ್ಲ, ಒಂದೆರಡು ಬದಲಾವಣೆ ಅಷ್ಟೆ. ಬೇವಿನೆಲೆ ಅವರ ರಿಪೋರ್ಟೂ ಹಾಗೇ ಇದೆ. ಆದ್ರೆ ಒಂದು ಎಚ್ಚರ, ಮೆಡ್12 ಇದ್ದ ಮಾತ್ರಕ್ಕೆ ಸಾರ್ಕೋಮಾ ಅಲ್ಲ ಅನ್ನೋ ಹಾಗಿಲ್ಲ, ಸಾರ್ಕೋಮಾಗಳಲ್ಲೂ ಒಂದು ಪಾಲಿನಲ್ಲಿ ಅದು ಸಿಗತ್ತೆ. ಇಲ್ಲಿ ಧೈರ್ಯ ಕೊಡೋದು ಮೆಡ್12 ಇರೋದಲ್ಲ, ಟಿಪಿ53, ಆರ್‌ಬಿ1 ಸರಿಯಾಗಿರೋದು, ಜೊತೆಗೆ ಕೆಐ-67.

ನೇರಮಾತು

ಸರಿ, ಅರ್ಥ ಆಯ್ತು, ಥ್ಯಾಂಕ್ಸ್. ಆದ್ರೆ ಹಳೇ ಸ್ಲೈಡ್ ತೆಗೆಸಿ ಮತ್ತೆ ನೋಡಿಸೋದು ಒಳ್ಳೇದು ಅಂತ ನನ್ನ ಹಠ ಹಾಗೇ ಇದೆ.

ಸ್ಲೈಡು_ಗಾಜು

ಅದು ಹಠ ಅಲ್ಲ ಸ್ವಾಮಿ, ಮಾಡಲೇಬೇಕಾದ ಕೆಲಸ. ಹಳೇ ಸ್ಲೈಡ್ ಮತ್ತೆ ನೋಡದೆ ಈ ಹೆಸರು ಬರೆಯೋದಕ್ಕೆ ನಾನಂತೂ ಕೈ ಎತ್ತಲ್ಲ. ನಿಮ್ಮ ಸ್ನೇಹಿತರ ಅತ್ತೆ ಥರದ ಕೇಸ್ ಬರೋದೇ ಇಂಥ ಕಡೆ.

ಮುಂಗಾರು_ಮೋಡ

ನಾನೊಂದು ಕೇಳ್ತೀನಿ, ಎಲ್‌ಎಎಂ ಅಂತ ಒಂದು ಕಾಯಿಲೆ ಇದೆಯಲ್ಲ, ಅದೂ ಹೆಂಗಸರಿಗೇ ಬರೋದು, ಅದೂ ಲಂಗ್ಸು, ಅದೂ ಸ್ಮೂತ್ ಮಸಲ್. ನಮ್ಮ ಪರಿಚಯದೋರೊಬ್ರು ಅದಕ್ಕೆ ಸಿರೋಲಿಮಸ್ ತಗೋತಾರೆ, ಚೆನ್ನಾಗಿದಾರೆ. ಚಿಕ್ಕಮ್ಮಂಗೂ ಅದೇ ಕೊಡಬಹುದಲ್ವಾ, ಸುಮ್ನೆ ಯಾಕೆ ಕಾಯೋದು?

ಎರಡನೇ_ಎಕ್ಸ್

@ಮುಂಗಾರು_ಮೋಡ ಹೊರಗಿಂದ ನೋಡೋಕೆ ಅಣ್ಣತಮ್ಮ ಥರ, ಒಳಗಿನ ಜೀನ್ ಪೂರ್ತಿ ಬೇರೆ. ಎಲ್‌ಎಎಂ ಅಂದ್ರೆ ಲಿಂಫಾಂಜಿಯೋಲಿಯೋಮಯೋಮಟೋಸಿಸ್, ಅದ್ರಲ್ಲಿ ಹಾಳಾಗೋದು ಟಿಎಸ್‌ಸಿ2, ಕೆಲವರಲ್ಲಿ ಟಿಎಸ್‌ಸಿ1. ಈ ಎರಡು ಪ್ರೋಟೀನ್ ಸೇರಿ ಎಂಟಾರ್ ಅನ್ನೋ ಬೆಳವಣಿಗೆ ಸ್ವಿಚ್‌ನ ಅದುಮಿ ಹಿಡ್ಕೊಂಡಿರ್ತವೆ, ಇವು ಹೋದ್ರೆ ಸ್ವಿಚ್ ಆನ್ ಆಗೇ ಉಳಿಯತ್ತೆ. ಸಿರೋಲಿಮಸ್ ನೇರವಾಗಿ ಎಂಟಾರ್‌ಗೇ ಹೊಡೆಯೋ ಔಷಧಿ, ಅದಕ್ಕೇ ಅಲ್ಲಿ ಕೆಲಸ ಮಾಡತ್ತೆ. 2011ರಲ್ಲಿ ಮೈಲ್ಸ್ ಅನ್ನೋ ಟ್ರಯಲ್ ಬಂತು, 89 ಜನ ರೋಗಿಗಳು, ಔಷಧಿ ತಗೊಂಡಷ್ಟು ದಿನ ಉಸಿರಾಟದ ಶಕ್ತಿ ಸ್ಥಿರವಾಗಿ ನಿಲ್ತು, ನಿಲ್ಲಿಸಿದ್ಮೇಲೆ ಮತ್ತೆ ಇಳಿಯೋಕೆ ಶುರುವಾಯ್ತು. 2015ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಡ್ತು. ಮೆಡ್12 ಗಂಟಿಗೆ ಆ ಲೆಕ್ಕ ಹಾಗೇ ತಂದು ಹಾಕೋಕಾಗಲ್ಲ.

ಸ್ಕ್ಯಾನಲ್ಲೂ ಬೇರೆನೇ ಕಾಣತ್ತೆ. ಎಲ್‌ಎಎಂ ಲಂಗ್ಸಲ್ಲಿ ಗಂಟಿಗಿಂತ ಜಾಸ್ತಿ ತೆಳು ಗೋಡೆಯ ಗುಳ್ಳೆಗಳು, ಲಂಗ್ಸ್ ಇದ್ದಕ್ಕಿದ್ದ ಹಾಗೆ ಕುಗ್ಗೋದು, ಕಿಡ್ನಿಯಲ್ಲಿ ಕೊಬ್ಬಿನ ಗಡ್ಡೆ, ರಕ್ತದಲ್ಲಿ ವಿಇಜಿಎಫ್-ಡಿ ಅನ್ನೋ ಪ್ರೋಟೀನ್ ಏರೋದು. ಬಯಾಪ್ಸಿಯಲ್ಲಿ ಎಚ್‌ಎಂಬಿ-45 ಪಾಸಿಟಿವ್. ಚಿಕ್ಕಮ್ಮನ ರಿಪೋರ್ಟಲ್ಲಿ ಎಚ್‌ಎಂಬಿ-45 ನೆಗೆಟಿವ್ ಅಂತ ಬರ್ದಿದಾರಲ್ಲ, ಆ ಒಂದು ಸಾಲು ಹಾಕಿರೋದೇ ಎಲ್‌ಎಎಂ ಅಲ್ಲ ಅಂತ ಹೇಳೋಕೆ.

ಹಾಗೇ ಇನ್ನೊಂದು ಸೋದರಸಂಬಂಧಿ ಇದೆ, ಎಪ್ಸ್ಟೀನ್-ಬಾರ್ ವೈರಸ್‌ನಿಂದ ಆಗೋ ಸ್ಮೂತ್ ಮಸಲ್ ಗಡ್ಡೆ, ಎಚ್‌ಐವಿ ಇದ್ದವರಲ್ಲಿ, ಅಂಗ ಕಸಿ ಮಾಡಿಸ್ಕೊಂಡೋರಲ್ಲಿ. ಅಲ್ಲಿ ತಮಾಷೆ ಏನಂದ್ರೆ ಒಬ್ಬರದ್ದೇ ದೇಹದ ಬೇರೆಬೇರೆ ಗಡ್ಡೆಗಳು ಒಂದರಿಂದ ಒಂದು ಹರಡಿದ್ದಲ್ಲ, ಪ್ರತಿಯೊಂದಕ್ಕೂ ವೈರಸ್ ಬೇರೆಯಾಗೇ ತಗುಲಿರತ್ತೆ. ನೋಡೋಕೆ ಒಂದೇ, ಲಂಗ್ಸ್ ತುಂಬಾ ಗಂಟು, ಆದ್ರೆ ಬಂದ ದಾರಿ ಪೂರ್ತಿ ಉಲ್ಟಾ.

ತುಂಗಾ_ಅಲೆ

ನಾನ್ ಈ ರೋಗ ಇರೂ ಹೆಣಮಗಳ್ರೀ, ಡಾಕ್ಟರ್ ಅಲ್ಲ. ನನಗೂ ಹಿಂಗ ಆತು, ಫೈಬ್ರಾಯ್ಡ್ ತಗಸಿ ಭಾಳ ವರ್ಷ ಆದಮ್ಯಾಲೆ ಎದಿ ಫೋಟೋದಾಗ ಗಂಟ ಕಂಡ್ವು. ಮೊದಲ ಕ್ಯಾನ್ಸರ್ ಅಂತ ಅಂದ ಡಾಕ್ಟರು ಕಿಮೋ ತಾರೀಖ ಸೈತ ಕೊಟ್ಟಿದ್ರು, ಇನ್ನೊಬ್ಬರು ಸ್ಲೈಡ ತರಿಸಿ ನೋಡಿ ಬ್ಯಾಡ ಅಂದ್ರು. ಆ ಎರಡ ವಾರದಾಗ ನಾ ಅರ್ಧ ಸತ್ತಿದ್ದೆ. ಆಮ್ಯಾಲೆ ಒಂದು ಗಂಟ ಜರಾ ದೊಡ್ಡದ ಆತು ಅಂತ ಹೇಳಿ ಹಾರ್ಮೋನ್ ಇಂಜೆಕ್ಷನ್ ಕೊಟ್ರು, ಮುಟ್ಟು ನಿಂತವರಂಗ ಮೈಯೆಲ್ಲಾ ಬಿಸಿ, ರಾತ್ರಿ ಬೆವರು, ಸಿಟ್ಟು, ಮನ್ಯಾಗಿನವರಿಗೆ ಸಾಕಾಗಿ ಹೋತು. ಆದ್ರ ಗಂಟ ನಿಂತ್ವು, ಎರಡ್ಮೂರ ಸಣ್ಣವೂ ಆದ್ವು. ಈಗ ನನಗ ಸಹಜಾನ ಮುಟ್ಟು ನಿಂತೈತಿ, ಇಂಜೆಕ್ಷನ್ ಬಿಟ್ಟೀನಿ, ಸ್ಕ್ಯಾನ್ ಅಷ್ಟ. ನಿಮ್ಮ ಚಿಕ್ಕವ್ವಗ ಹೇಳ್ರಿ, ಮೆಟ್ಲ ಹತ್ತೂದು, ಮಾರ್ಕೆಟಿಗೆ ಹೋಗೂದು ಏನೂ ಬಿಡೂದ್ ಬ್ಯಾಡ. ನಾ ಒಂದು ವರ್ಷ ಹೆದರಿ ಕುಂತಿದ್ದೆ, ಅದರಿಂದ ಮೈ ಬಂತು, ಬ್ಯಾರೆ ಏನೂ ಸಿಗಲಿಲ್ಲ.

ಸ್ಲೈಡು_ಗಾಜು

@ತುಂಗಾ_ಅಲೆ ಅಕ್ಕ, ಬರೆದಿದ್ದು ಬಹಳ ಒಳ್ಳೇದಾಯ್ತು. ಹಾರ್ಮೋನ್ ರಿಸೆಪ್ಟರ್ ಇರೋದ್ರಿಂದಾನೇ ಆ ದಾರಿ ತೆರೆಯೋದು. ಅಂಡಾಶಯ ಕೆಲಸ ಮಾಡ್ತಿರೋ ತನಕ ಈಸ್ಟ್ರೋಜನ್ ಸಿಗ್ತಾ ಇರತ್ತೆ, ಮುಟ್ಟು ನಿಂತ ಮೇಲೆ ಗಂಟು ನಿಂತಲ್ಲೇ ನಿಲ್ಲೋದು ಅಥವಾ ಸಣ್ಣ ಆಗೋದು ಹಲವರಲ್ಲಿ ಕಂಡಿದೆ. ಗಂಟು ಬೆಳೀತಿದ್ರೆ, ಉಸಿರಿಗೆ ತೊಂದ್ರೆ ಕೊಡ್ತಿದ್ರೆ ಅಂಡಾಶಯ ತೆಗೆಯೋದು, ಲ್ಯೂಪ್ರೊಲೈಡ್ ಥರದ ಇಂಜೆಕ್ಷನ್, ಲೆಟ್ರೋಜೋಲ್ ಥರದ ಮಾತ್ರೆ, ಇಲ್ಲ ಆಪರೇಷನ್ ಮಾಡಿ ಗಂಟನ್ನೇ ತೆಗೆಯೋದು, ಹೀಗೆ ಆಯ್ಕೆಗಳಿವೆ. ಏನೂ ತೊಂದ್ರೆ ಇಲ್ಲದೋರಿಗೆ ಸ್ಕ್ಯಾನ್ ಮಾಡ್ತಾ ಕಾಯೋದು ಕೈಚೆಲ್ಲಿ ಕೂರೋದಲ್ಲ, ಅದೂ ಒಂದು ಚಿಕಿತ್ಸೆ.

ಬೇವಿನೆಲೆ

ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ಚಿಕ್ಕಮ್ಮಂಗೆ ಎಲ್ಲಾ ಓದಿ ಹೇಳ್ದೆ, ತುಂಗಾ ಅಕ್ಕನ ಮಾತು ಎರಡು ಸಲ ಓದಿಸಿದ್ರು. ಇನ್ನೆರಡು ಪ್ರಶ್ನೆ. ಮೆಡ್12 ಇರೋ ಫೈಬ್ರಾಯ್ಡ್ ಎಲ್ಲಾ ಹೆಂಗಸರಲ್ಲೂ ಇದೆ ಅಂದ್ರೆ ಅವರ್ಯಾರದ್ದೂ ಲಂಗ್ಸಿಗೆ ಹೋಗದೆ ಇವರದ್ದೇ ಯಾಕೆ ಹೋಯ್ತು? ಎರಡನೇದು, ವಂಶದಲ್ಲಿ ಬರಲ್ಲ ಅಂದ್ರಿ, ಆದ್ರೆ ನಮ್ಮ ಅಜ್ಜಿಗೂ ಗರ್ಭಕೋಶ ತೆಗೆಸಿದ್ರು, ನಮ್ಮಮ್ಮಂಗೂ ಫೈಬ್ರಾಯ್ಡ್ ಇದೆ. ಆಮೇಲೆ ಚಿಕ್ಕಮ್ಮಂಗೆ ತೋಳಿನ ಮೇಲೆ ಸಣ್ಣಸಣ್ಣ ಗಂಟುಗಳಿವೆ, ಚಳಿಗೆ ನೋಯತ್ತೆ ಅಂತಾರೆ, ಇದಕ್ಕೂ ಅದಕ್ಕೂ ಸಂಬಂಧ ಇದೆಯಾ ಗೊತ್ತಿಲ್ಲ.

ಎರಡನೇ_ಎಕ್ಸ್

ಮೊದಲನೇದಕ್ಕೆ ನಾನು ಹೇಳ್ತೀನಿ, ಎರಡನೇದು ಡಾಕ್ಟ್ರು ಹೇಳ್ಲಿ, ಆ ತೋಳಿನ ಗಂಟಿನ ಮಾತು ಕೇಳಿ ನನ್ನ ಕಿವಿ ನೆಟ್ಟಗಾಯ್ತು.

ಮೆಡ್12 ಗಡ್ಡೆ ಹುಟ್ಟೋಕೆ ಕಾರಣ, ಊರು ಬಿಟ್ಟು ಹೋಗೋಕೆ ಕಾರಣ ಅಲ್ಲ, ನಾನು ಹೀಗೇ ಯೋಚ್ನೆ ಮಾಡೋದು. ಜೀವಕೋಶದಲ್ಲಿ ಜೀನ್‌ಗಳನ್ನ ಓದಿಸೋ ಮೀಡಿಯೇಟರ್ ಅನ್ನೋ ದೊಡ್ಡ ಪ್ರೋಟೀನ್ ಗುಂಪು ಇದೆ, ಮೆಡ್12 ಅದರ ಒಂದು ಭಾಗ, ಸೈಕ್ಲಿನ್ ಸಿ ಜೊತೆ ಕೂಡ್ಕೊಂಡು ಸಿಡಿಕೆ8 ಅನ್ನೋ ಕೈನೇಸ್‌ಗೆ ಚಾಲನೆ ಕೊಡೋದು ಅದರ ಕೆಲಸ, ಎಕ್ಸಾನ್ 2 ಕೆಟ್ರೆ ಆ ಚಾಲನೆ ತಪ್ಪತ್ತೆ. ಸ್ತನದಲ್ಲಿ ಬರೋ ಫೈಬ್ರೋಅಡಿನೋಮಾ ಅಂತ ಮಾಮೂಲಿ ಗಂಟಿದೆಯಲ್ಲ, ಹುಡುಗೀರಿಗೂ ಬರೋದು, ಅದ್ರಲ್ಲೂ ಅರ್ಧಕ್ಕಿಂತ ಜಾಸ್ತಿ ಗಂಟುಗಳಲ್ಲಿ ಇದೇ ಜೀನ್ ಇದೇ ಜಾಗದಲ್ಲಿ ಬದಲಾಗಿರತ್ತೆ. ಅದು ಎಲ್ಲಿಗೂ ಹೋಗಲ್ಲ, ಇದ್ದಲ್ಲೇ ಇರತ್ತೆ. ಆಪರೇಷನ್ ಸಮಯದಲ್ಲಿ ರಕ್ತನಾಳ ತೆರೆದಾಗ ತುಣುಕು ಒಳಗೆ ಸೇರಿರ್ಬೋದು, ಇಲ್ಲ ಮುಂಚೆನೇ ಗಡ್ಡೆ ನಾಳದೊಳಗೆ ನುಗ್ಗಿರ್ಬೋದು, ಅದರ ಮೇಲೆ 22ಕ್ಯೂ ಥರದ ಇನ್ನೊಂದು ಬದಲಾವಣೆ ಸೇರಿ ಹೊಸ ಜಾಗದಲ್ಲಿ ಬದುಕೋ ತಾಕತ್ತು ಬಂದಿರ್ಬೋದು. ಆದ್ರೆ ಈ ಜೀನ್ ಇದ್ರೆ ಐದು ವರ್ಷದಲ್ಲಿ ಇಷ್ಟು ಬೆಳೆಯತ್ತೆ ಅಂತ ಯಾರಾದ್ರೂ ನಿಮಗೆ ಹೇಳಿದ್ರೆ ನಂಬ್ಬೇಡಿ. ಎಲ್ಲಿಂದ ಬಂತು ಅಂತ ಜೀನ್ ಚೆನ್ನಾಗಿ ಹೇಳತ್ತೆ, ಎಲ್ಲಿಗೆ ಹೋಗತ್ತೆ ಅನ್ನೋದಕ್ಕೆ ಮುಂದಿನ ಸಿಟಿನೇ ಗತಿ.

ಸ್ಲೈಡು_ಗಾಜು

ತೋಳಿನ ಗಂಟು ದಯವಿಟ್ಟು ಚರ್ಮದ ಡಾಕ್ಟ್ರಿಗೆ ತೋರಿಸಿ, ಮುಂದಿನ ಸಿಟಿ ತನಕ ಕಾಯ್ಬೇಡಿ. ಹೆದರಿಸ್ತಿಲ್ಲ, ಕಾರಣ ಹೇಳ್ತೀನಿ.

ಫೈಬ್ರಾಯ್ಡ್‌ಗಳಲ್ಲಿ ನೂರಕ್ಕೆ ಒಂದರಷ್ಟು ಬೇರೆ ಜಾತಿ ಇರತ್ತೆ, ಮೆಡ್12 ಅಲ್ಲ, ಎಫ್‌ಎಚ್, ಅಂದ್ರೆ ಫ್ಯೂಮರೇಟ್ ಹೈಡ್ರಾಟೇಸ್ ಅನ್ನೋ ಜೀನ್ ಹೋಗಿರೋದು. ಜೀವಕೋಶ ಶಕ್ತಿ ಮಾಡೋ ಚಕ್ರದಲ್ಲಿ ಕೆಲಸ ಮಾಡೋ ಕಿಣ್ವ ಅದು, ಕೆಟ್ರೆ ಫ್ಯೂಮರೇಟ್ ಒಳಗೇ ಗುಡ್ಡೆ ಬೀಳತ್ತೆ, ಆಮ್ಲಜನಕ ಇದ್ರೂ ಇಲ್ಲದ ಹಾಗೆ ಜೀವಕೋಶ ನಡ್ಕೊಳ್ಳತ್ತೆ. ಎಫ್‌ಎಚ್ ದೋಷ ಗಡ್ಡೆಯಲ್ಲಿ ಮಾತ್ರಾನೂ ಆಗಬಹುದು, ಆದ್ರೆ ಕೆಲವರಿಗೆ ಇದು ಹುಟ್ಟಿನಿಂದಾನೇ ಬರೋದು, 2002ರಲ್ಲಿ ಗೊತ್ತಾಗಿದ್ದು. ಅಂಥ ಮನೆಗಳಲ್ಲಿ ಹೆಂಗಸರಿಗೆ ಇಪ್ಪತ್ತು ಮೂವತ್ತರಲ್ಲೇ ಫೈಬ್ರಾಯ್ಡ್ ಬಂದು ಚಿಕ್ಕ ವಯಸ್ಸಲ್ಲೇ ಗರ್ಭಕೋಶ ತೆಗೆಸಿರ್ತಾರೆ, ಚರ್ಮದ ಮೇಲೆ ಚಳಿಗೆ, ಮುಟ್ಟಿದ್ರೆ ನೋಯೋ ಸಣ್ಣ ಸ್ನಾಯು ಗಂಟುಗಳು, ಮತ್ತೆ ಕೆಲವರಿಗೆ ಕಿಡ್ನಿ ಕ್ಯಾನ್ಸರ್, ಅದು ಸಣ್ಣದಿರುವಾಗ್ಲೇ ಹರಡೋ ಕೆಟ್ಟ ಜಾತಿದು. ತಂದೆ ತಾಯಿ ಒಬ್ಬರಿಗಿದ್ರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ಚಿಕ್ಕಮ್ಮನ ಗಂಟಲ್ಲಿ ಮೆಡ್12 ಸಿಕ್ಕಿದೆ, ಮೆಡ್12 ಮತ್ತೆ ಎಫ್‌ಎಚ್ ಸಾಮಾನ್ಯವಾಗಿ ಒಂದೇ ಗಡ್ಡೇಲಿ ಇರಲ್ಲ, ಹಾಗಾಗಿ ಈ ಲಂಗ್ಸ್ ಗಂಟು ಎಫ್‌ಎಚ್ ಕಡೇದಿರೋ ಸಾಧ್ಯತೆ ಕಮ್ಮಿ. ಅಜ್ಜಿ, ಅಮ್ಮ, ಚಿಕ್ಕಮ್ಮ ಮೂವರಿಗೂ ಫೈಬ್ರಾಯ್ಡ್ ಅನ್ನೋದೂ ಅಷ್ಟು ದೊಡ್ಡ ಸುಳಿವಲ್ಲ, ಹೇಳಿದ್ನಲ್ಲ ಹತ್ತರಲ್ಲಿ ಏಳು ಜನಕ್ಕೆ ಇರತ್ತೆ ಅಂತ. ಆದ್ರೆ ಚಳಿಗೆ ನೋಯೋ ಚರ್ಮದ ಗಂಟು ಅಷ್ಟು ಸಾಮಾನ್ಯ ಅಲ್ಲ. ಅದರಿಂದ ಒಂದು ಚೂರು ತೆಗೆದು ನೋಡ್ಲಿ. ಅದು ಸ್ನಾಯು ಗಂಟು ಅಂತ ಬಂದ್ರೆ ಎಫ್‌ಎಚ್‌ಗೆ ರಕ್ತದ ಟೆಸ್ಟ್, ಮೊದಲು ಚಿಕ್ಕಮ್ಮಂಗೆ. ಅವರದ್ದು ಪಾಸಿಟಿವ್ ಬಂದ್ರೆ ಮಾತ್ರ ಮಗಳಿಗೆ, ನಿಮ್ಮಮ್ಮಂಗೆ, ನಿಮಗೆ. ಆಗ ಕಿಡ್ನಿಗೆ ಪ್ರತಿ ವರ್ಷ ಎಂಆರ್‌ಐ ಮಾಡಿಸ್ಬೇಕಾಗತ್ತೆ. ಬರೀ ಕೊಬ್ಬಿನ ಗಂಟು ಅಂತ ಬಂದ್ರೆ ಮಗಳು ತನ್ನ ಪಾಡಿಗೆ ಓದ್ಕೊಂಡಿರ್ಲಿ.

ಬೇವಿನೆಲೆ

ಆಯ್ತು ಸರ್, ಚರ್ಮದ ಡಾಕ್ಟ್ರ ಹತ್ರ ಟೈಮ್ ತಗೊಂಡೆ. ಹಳೇ ಸ್ಲೈಡ್ ವಿಷ್ಯಕ್ಕೆ ಆವಾಗ ಆಪರೇಷನ್ ಮಾಡಿದ ಕಡೆ ಫೋನ್ ಮಾಡಿದ್ದೆ, ಸ್ಲೈಡ್ ಸಿಗಲ್ಲ, ಮೇಣದ ಬ್ಲಾಕ್ (ಗಡ್ಡೆ ತುಂಡನ್ನ ಮೇಣದಲ್ಲಿ ಕೂರಿಸಿ ಇಟ್ಟಿರೋದು) ಇರ್ಬೋದು ಹುಡುಕ್ತೀವಿ ಅಂದ್ರು. ಇಷ್ಟು ವರ್ಷ ಹಳೇ ಬ್ಲಾಕಲ್ಲಿ ಜೀನ್ ಟೆಸ್ಟ್ ಮಾಡೋಕಾಗತ್ತಾ, ಇಲ್ಲ ಸುಮ್ನೆ ಓಡಾಟಾನಾ?

ಸ್ಲೈಡು_ಗಾಜು

ಬ್ಲಾಕ್ ಸಿಕ್ರೆ ಸ್ಲೈಡ್ ಇಲ್ಲ ಅನ್ನೋ ಚಿಂತೆ ಬೇಡ, ಬ್ಲಾಕಿಂದ ಹೊಸ ಸ್ಲೈಡ್ ಕತ್ತರಿಸ್ಬೋದು. ಮೇಣದಲ್ಲಿರೋ ಡಿಎನ್‌ಎ ವರ್ಷ ಕಳೆದಷ್ಟೂ ತುಂಡುತುಂಡಾಗತ್ತೆ, ಆದ್ರೆ ಮೆಡ್12ರಲ್ಲಿ ನೋಡ್ಬೇಕಾಗಿರೋದು ಎಕ್ಸಾನ್ 2ರ ಚಿಕ್ಕ ಜಾಗ, ಅಷ್ಟು ತುಂಡಲ್ಲೂ ಓದೋಕೆ ಬರತ್ತೆ. 22ಕ್ಯೂಗೆ ಫಿಶ್ ಟೆಸ್ಟ್ (ಕ್ರೋಮೋಸೋಮಿನ ಒಂದು ಭಾಗಕ್ಕೆ ಹೊಳೆಯೋ ಗುರುತು ಹಚ್ಚಿ ನೋಡೋದು) ಮಾಡ್ಬೋದು, ಅದೂ ಹಳೇ ಬ್ಲಾಕಲ್ಲಿ ಆಗತ್ತೆ, ಆದ್ರೆ ಫಿಶ್ ಆ ತೋಳು ಇದೆಯಾ ಇಲ್ವಾ ಅಂತ ಹೇಳತ್ತೆ, ಎಲ್ಲಿ ಮುರೀತು ಅಂತ ಹೇಳಲ್ಲ. ಅದಕ್ಕೆ ಇಡೀ ಕ್ರೋಮೋಸೋಮ್ ನೋಡೋ ದೊಡ್ಡ ಟೆಸ್ಟ್ ಬೇಕು, ಹಳೇ ಬ್ಲಾಕಲ್ಲಿ ಅದು ಕೆಲವೊಮ್ಮೆ ಕೈ ಕೊಡತ್ತೆ. ಬ್ಲಾಕ್ ಇಸ್ಕೊಳ್ಳುವಾಗ ಹಳೇ ರಿಪೋರ್ಟಿನ ನಂಬರ್ ಜೊತೆಗಿರ್ಲಿ, ಗಡ್ಡೆ ಎಷ್ಟಿದ್ವೋ ಅಷ್ಟೂ ಬ್ಲಾಕ್ ಕೇಳಿ, ಒಂದೇ ಕೊಟ್ರೆ ತಗೊಂಡು ಬಂದ್ಬಿಡಬೇಡಿ, ಯಾಕಂದ್ರೆ ಲಂಗ್ಸಿಗೆ ಹೋಗಿದ್ದು ಅವುಗಳಲ್ಲಿ ಯಾವುದೋ ಒಂದರಿಂದ.